ಗಾಜಿನ ಮೇಲಿದ್ದ ಕೊರಿಯಾದ ಊರು

ಕೊರಿಯಾ ಯುದ್ಧಕ್ಕೆ ಹೋಗಿದ್ದ ನಮ್ಮಣ್ಣ ತಿರುಗಿ ಬಂದ ದಿನ ನಾನೂ ಅವ್ವನೂ ಅವನನ್ನು ಕರೆತರಲು ವಾಡಿ ಸ್ಟೇಷನ್ನಿಗೆ ಹೋಗಿದ್ದೆವು. ಟ್ರಂಕು ಹಮಾಲನ ತಲೆಯ ಮೇಲಿತ್ತು. ಒಂದು ಸಣ್ಣ ಕಟ್ಟಿಗೆಯ ಪೆಟ್ಟಿಗೆಯನ್ನು ಮಾತ್ರ ಅಣ್ಣ ಎದೆಗೆ ಒತ್ತಿ ಹಿಡಿದಿದ್ದ. ಶಹಾಬಾದಿನ ಗಾಡಿ ಹತ್ತಿದ ಮೇಲೂ ಅದನ್ನು ತೊಡೆಯಿಂದ ಇಳಿಸಲಿಲ್ಲ.

“ಬಂಗಾರ ಅದ ಏನಪ್ಪಾ ಅದರಾಗ?” ಎಂದಳು ಅವ್ವ.

“ಗಾಜು ಅದಾವ ಬೇ. ಯಾರೂ ಮುಟ್ಟಬ್ಯಾಡ್ರಿ.”

ಸೈನ್ಯದ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದು ಅವನ ಕೆಲಸವಾಗಿತ್ತು. ಹೋಗುವ ಮೊದಲು ಮನೆತುಂಬ ಮಾತಾಡುತ್ತಿದ್ದವನು ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಎಂಟು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ತಾನಾಗಿಯೇ ಪೆಟ್ಟಿಗೆ ತೆಗೆದ. ಒಳಗೆ ಅಂಗೈಯಗಲದ ಗಾಜಿನ ಮೇಲೆ ಮೂಡಿಸಿದ ಫೋಟೋಗಳು, ಒಂದೊಂದರ ಮೇಲೂ ಇನ್ನೊಂದು ಗಾಜು ಮುಚ್ಚಿ ಅಂಚಿಗೆ ಕರೀ ಕಾಗದ ಅಂಟಿಸಿತ್ತು. ಒಂದನ್ನು ಕಿಟಕಿಯ ಬಿಸಿಲಿಗೆ ಹಿಡಿದು, “ನೋಡು” ಎಂದ.

ಊರ ಹೆಬ್ಬಾಗಿಲಿನ ಕಲ್ಲಿನ ಕಮಾನು. ಅದರ ಮೇಲೆ ಎರಡಂತಸ್ತಿನ ಹೆಂಚಿನ ಮಾಡು, ತುದಿಗಳು ಮೇಲಕ್ಕೆ ಬಾಗಿದ್ದವು. ಬಾಗಿಲಲ್ಲಿ ಬಿಳಿ ಬಟ್ಟೆ ತೊಟ್ಟ ಒಬ್ಬ ಮನುಷ್ಯ, ಎತ್ತಿನ ಗಾಡಿಯ ಪಕ್ಕ ನಿಂತಿದ್ದ. ಬೇರೆ ಗಾಜುಗಳಲ್ಲಿ ಗುಡ್ಡ ಹತ್ತಿ ಹೋಗುವ ಕೋಟೆಗೋಡೆ, ಕೊಳದ ನಡುವಿನ ಅರಮನೆ, ಒಂದಕ್ಕೊಂದು ಆತುಕೊಂಡ ಮನೆಗಳ ಓಣಿ.

“ಈಗ ಇದರಾಗ ಭಾಳ ಉಳದಿಲ್ಲ. ಈ ಅಗಸಿ ಮ್ಯಾಲಿನ ಮಾಡು ಸುಟ್ಟು ಹೋಯ್ತು. ನಾ ಹೋದಾಗ ಬರೀ ಕಲ್ಲು ಇತ್ತು.”

ಚಿತ್ರಗಳನ್ನು ತೆಗೆದವನು ಆ ಊರಿನ ಒಬ್ಬ ಮುದುಕ. ಫೋಟೋ ಅಂಗಡಿ ಸುಟ್ಟುಹೋಗಿ, ಎರಡೂ ಕೈ ಬೆಂದು, ಅಣ್ಣನಿದ್ದ ದವಾಖಾನೆಗೆ ಬಂದಿದ್ದ. ಈ ಪೆಟ್ಟಿಗೆಯೊಂದನ್ನು ಅಲ್ಲಿಯವರು ಚಳಿಗಾಲಕ್ಕೆಂದು ನೆಲದಲ್ಲಿ ಹೂಳುವ ಉಪ್ಪಿನಕಾಯಿ ಗಡಿಗೆಗಳ ಜೊತೆ ಹಿತ್ತಲ ಮಣ್ಣಲ್ಲಿ ಹೂತಿಟ್ಟಿದ್ದರಿಂದ ಉಳಿದಿತ್ತು. ನಿರಾಶ್ರಿತರ ಬಿಡಾರಕ್ಕೆ ಹೋಗುವಾಗ, ತಿರುಗಿ ಬರುವವರೆಗೆ ಇಟ್ಟುಕೋ ಎಂದು ಅಣ್ಣನಿಗೆ ಒಪ್ಪಿಸಿದ. ಅಷ್ಟರಲ್ಲಿ ಅಣ್ಣನ ತುಕಡಿಗೆ ಭಾರತಕ್ಕೆ ಹೊರಡುವ ಹುಕುಂ ಬಂತು. ಬಿಡಾರದಲ್ಲಿ ಹುಡುಕಿದರೆ ಮುದುಕ ಸಿಗಲಿಲ್ಲ. ಅಲ್ಲಿನ ಕಚೇರಿಯಲ್ಲಿ ಅಣ್ಣ ನಮ್ಮ ಮನೆಯ ವಿಳಾಸ ಬರೆದುಕೊಟ್ಟು ಬಂದಿದ್ದ.

“ಇವು ನಮ್ಮವಲ್ಲ,” ಎಂದು ಅಣ್ಣ ಪೆಟ್ಟಿಗೆ ಮುಚ್ಚಿದ.

ನಾನಾಗ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಊರು ಬಿಟ್ಟು ಹೊರಗೆ ಹೋಗದ ಆ ಹುಡುಗಿಯರಿಗೆ ಇವನ್ನು ತೋರಿಸಬೇಕೆಂದು ಆಸೆಯಾಯಿತು. ಕೇಳಿದೆ. ಅಣ್ಣ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, “ಒಯ್ಯಿ, ಹುಷಾರಾಗಿ,” ಎಂದ.

ಅಗಸಿಯ ಗಾಜಿನ ಅಂಚಿನ ಕಾಗದ ಕಿತ್ತುಹೋಗಿ, ಒಳಗೆ ಬೂಷ್ಟು ಹಿಡಿದಿತ್ತು. ಮಕ್ಕಳಿಗೆ ಸ್ವಚ್ಛವಾಗಿ ಕಾಣಲಿ ಎಂದು, ಅಣ್ಣ ಮನೆಯಲ್ಲಿಲ್ಲದಾಗ, ನಾನು ಮೇಲಿನ ಗಾಜು ಬಿಡಿಸಿ, ಚಿತ್ರವಿದ್ದ ಕೆಳಗಿನದನ್ನು ಬಿಸಿನೀರಲ್ಲಿ ಅದ್ದಿ ಅರಿವೆಯಿಂದ ಒರೆಸಿದೆ. ಮೊದಲು ಬೂಷ್ಟು ಹೋಯಿತು. ಆಮೇಲೆ ಮಾಡು ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಗಾಬರಿಯಾಗಿ ನೀರಿನಿಂದ ಎತ್ತಿದೆ. ಬಾಗಿಲು, ಗಾಡಿ, ಆ ಮನುಷ್ಯ ಎಲ್ಲ ಒಟ್ಟಿಗೆ ಜಾರಿ ಬೋಗುಣಿಯಲ್ಲಿ ಬಿದ್ದವು. ಕೈಯಲ್ಲಿ ಬರೀ ಗಾಜು ಉಳಿಯಿತು.

ಅಣ್ಣ ಬರುವವರೆಗೆ ಬೋಗುಣಿಯ ಮುಂದೆಯೇ ಕುಳಿತಿದ್ದೆ.

“ಏನ್ ಮಾಡಿದಿ?” ಎಂದ.

“ತೊಳದೆ.”

ಅವನು ಬೈಯಲಿಲ್ಲ. ನೀರಿಗೆ ಬೆರಳದ್ದಿ ಆ ತೆಳ್ಳನೆಯ ಪೊರೆಯನ್ನು ಎತ್ತಲು ನೋಡಿದ. ಅದು ಬೆರಳಲ್ಲೇ ಹರಿದು ಚೂರಾಯಿತು. ಅಂದು ಅವನು ಊಟಕ್ಕೆ ಏಳಲಿಲ್ಲ. ನಾನು ಉಳಿದವನ್ನು ಶಾಲೆಗೆ ಒಯ್ಯಲೂ ಇಲ್ಲ.

ಸುಮಾರು ಎರಡು ವರ್ಷದ ಮೇಲೆ ಕೊರಿಯಾದಿಂದ ಒಂದು ಲಕೋಟೆ ಬಂತು. ಮುದುಕನ ಮಗಳು ಯಾರದೋ ಕೈಯಿಂದ ಇಂಗ್ಲಿಷಿನಲ್ಲಿ ಬರೆಸಿದ್ದಳು. ಅಪ್ಪ ತೀರಿಕೊಂಡ. ಗಾಜುಗಳಿದ್ದರೆ ದಯಮಾಡಿ ಕಳಿಸಿ. ಅಗಸಿಯ ಮಾಡನ್ನು ಮೊದಲಿದ್ದಂತೆ ಕಟ್ಟಬೇಕೆಂದು ಊರವರು ಮಾತಾಡುತ್ತಿದ್ದಾರೆ, ಅದರ ಚಿತ್ರ ಬೇರೆಲ್ಲೂ ಸಿಕ್ಕಿಲ್ಲ.

ಅಣ್ಣ ಓದಿ ಕಾಗದವನ್ನು ನನ್ನ ಕೈಗಿಟ್ಟ. “ಹಾದ್ಯಾಗ ಒಡೀತು ಅಂತ ಬರೀತೀನಿ ಬಿಡು,” ಎಂದ, ನನ್ನ ಮುಖ ನೋಡದೆ.

“ಬ್ಯಾಡಣ್ಣ. ನಾನೇ ಬರೀತೀನಿ.”

ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಹೆಂಚಿನ ಸಾಲೆಷ್ಟು, ಮಾಡು ಹೊತ್ತ ಕಂಬವೆಷ್ಟು ಎಂದು ಇಬ್ಬರೂ ಕುಳಿತು ನೆನೆದೆವು. ಅವನು ಐದು ಕಂಬ ಎಂದ, ನನಗೆ ಆರು ಅನಿಸಿತು. ನನಗೆ ಖಚಿತವಾಗಿ ನೆನಪಿದ್ದದ್ದು ಎತ್ತಿನ ಗಾಡಿ ಮಾತ್ರ. ಉಳಿದ ಗಾಜುಗಳನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಳೆ ಹೊಡೆದು, ಅಂಚೆಗೆ ಹಾಕಿದೆವು.

ಉತ್ತರ ಬರಲಿಲ್ಲ. ಪೆಟ್ಟಿಗೆ ಮುಟ್ಟಿತೋ ಇಲ್ಲವೋ, ಮುಟ್ಟಿಯೂ ಆಕೆಗೆ ಬರೆಯುವ ಮನಸ್ಸಾಗಲಿಲ್ಲವೋ. ಆ ವರ್ಷವೇ ಅಣ್ಣನಿಗೆ ಚಿಂಚೋಳಿಯ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೆ ಬಂದಾಗ ನನ್ನ ಶಾಲೆ, ಅವ್ವನ ಮೊಣಕಾಲು, ಜೋಳದ ಬೆಳೆ ಎಲ್ಲ ವಿಚಾರಿಸುತ್ತಿದ್ದ. ಕೊರಿಯಾದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.