ಅಕ್ಕನ ಮನೆ ಹರಾಜಾದದ್ದು ಅಕ್ಕನಿಗೇ ಗೊತ್ತಿರಲಿಲ್ಲ

ಹೋದ ವರ್ಷದ ಮಾತು. ಲಂಡನ್ನಿನಲ್ಲಿ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಾನಿರುವುದು ಫೆಲ್ಥಮ್‌ನಲ್ಲಿ, ಮಿನಿಕ್ಯಾಬ್ ಓಡಿಸುತ್ತೇನೆ. ಹೆಚ್ಚಾಗಿ ಏರ್‌ಪೋರ್ಟ್ ಬಾಡಿಗೆಗಳೇ. ಒಂದು ಬೆಳಿಗ್ಗೆ ಹೀಥ್ರೂನಿಂದ ಕೆಂಟನ್‌ಗೆ ಬಾಡಿಗೆ ಬಂತು. ಎಪ್ಪತ್ತರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ದಪ್ಪ ಕೋಟು, ದೊಡ್ಡ ದೊಡ್ಡ ಸೂಟ್‌ಕೇಸು. ಹೊರಡುವ ಮುಂಚೆ ನಾನು ಗಂಡನಿಗೆ ಫೋನ್ ಮಾಡಿ, "ಅನ್ನಕ್ಕೆ ಇಟ್ಟಿರಿ, ಊಟಕ್ಕೆ ಬಂದ್ಬಿಡ್ತೀನಿ" ಅಂದೆ. ಹಿಂದಿನ ಸೀಟಿನಿಂದ ದನಿ ಬಂತು.

"ಕನ್ನಡದಾಕಿ ಏನವಾ ನೀ?"

ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಅವರ ಹೆಸರು ಶಕುಂತಲಾ, ಧಾರವಾಡದವರು; ನಾನು ಆಗಲೇ ಅಕ್ಕಾ ಅನ್ನತೊಡಗಿದ್ದೆ. ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ಗಂಡ ತೀರಿಹೋದಾಗ ಅಸ್ಥಿ ಬಿಡಲು ಊರಿಗೆ ಹೋಗಿದ್ದಾರೆ. ತಿಂಗಳಲ್ಲಿ ವಾಪಸ್ ಬರುವ ಲೆಕ್ಕ. ಅಷ್ಟರಲ್ಲಿ ತಂಗಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ ಇವರೇ ನಿಂತರು. ವರ್ಷಗಳೇ ಕಳೆದುಹೋದವು. ಆ ತಂಗಿಯೂ ಹೋದ ಮೇಲೆ ಈಗ ವಾಪಸ್ ಬಂದಿದ್ದರು.

"ಮನಿ ಖಾಲಿ ಬಿದ್ದು ಭಾಳ ದಿನಾ ಆತು. ಎಷ್ಟ ಧೂಳ ಕುಂತೈತೋ ಏನೋ. ಮೊದಲ ಕಸಾ ಹೊಡದು ಚಾ ಮಾಡ್ತೀನಿ. ನೀನೂ ಕುಡದ ಹೋಗು" ಅಂದರು.

ಕೆಂಟನ್‌ನ ಒಂದು ಸಣ್ಣ ಬೀದಿಯಲ್ಲಿ ಇಳಿಸಿದೆ. ಅಕ್ಕ ಕೀ ಹಾಕಿ ತಿರುಗಿಸಿದರು, ತಿರುಗಲಿಲ್ಲ. "ತುಕ್ಕ ಹಿಡದಿರಬೇಕು, ನೀ ನೋಡು" ಅಂದರು. ನಾನು ಪ್ರಯತ್ನಿಸುತ್ತಿರುವಾಗಲೇ ಒಳಗಿನಿಂದ ಯಾರೋ ಬಾಗಿಲು ತೆಗೆದರು.

ಸೊಂಟದ ಮೇಲೆ ಅಳುವ ಮಗು ಎತ್ತಿಕೊಂಡಿದ್ದ ಹುಡುಗಿ. ರೊಮೇನಿಯಾದವಳು, ಹೆಸರು ಎಲೆನಾ ಅಂತ ಆಮೇಲೆ ಗೊತ್ತಾಯಿತು. ಯಾರು ಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕ "ಇದು ನನ್ನ ಮನೆ, ನೀನ್ಯಾರು?" ಅಂದರು. ಹುಡುಗಿಯ ಮುಖ ಬಿಳಿಚಿಕೊಂಡಿತು. "ಹರಾಜಿನಲ್ಲಿ ತಗೊಂಡಿದ್ದೀವಿ. ಕಾಗದಪತ್ರ ಎಲ್ಲ ಸರಿಯಾಗಿದೆ" ಅಂದವಳೇ ಬಾಗಿಲು ಹಾಕಿಕೊಂಡಳು.

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಸೂಟ್‌ಕೇಸುಗಳನ್ನು ಮತ್ತೆ ಕಾರಿಗೆ ಹಾಕಲೋ ಬೇಡವೋ ಅಂತ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. "ಹೊರಗೆ ಚಳಿ ಇದೆ, ಒಳಗೆ ಬನ್ನಿ" ಅಂದಳು ಎಲೆನಾ.

ಅಡುಗೆಮನೆಯಲ್ಲಿ ಕೂಡಿಸಿ ಟೀ ಕೊಟ್ಟಳು. ಅಕ್ಕ ಗೋಡೆಗಳನ್ನೇ ನೋಡುತ್ತಿದ್ದರು. ಬಣ್ಣ ಬೇರೆ, ಕಪಾಟು ಬೇರೆ. "ನನ್ನ ಸಾಮಾನು?" ಅಂದರು. ತಾವು ಬಂದಾಗ ಮನೆ ಪೂರ್ತಿ ಖಾಲಿಯಿತ್ತು ಅಂದಳು ಅವಳು. ಅಕ್ಕ ನನ್ನ ಕಡೆ ತಿರುಗಿ, "ಇವರ ಹಾರ್ಮೋನಿಯಂ ಇತ್ತು ತಂಗಿ. ನಮ್ಮ ಮದವಿ ಫೋಟೋ ಇದ್ವು" ಅಂದರು. ಅಷ್ಟೇ.

ಮಗು ಮಾತ್ರ ಒಂದೇ ಸಮ ಅಳುತ್ತಿತ್ತು. ಅಕ್ಕ ಅದನ್ನೇ ನೋಡುತ್ತಿದ್ದವರು, "ಕಿವಿ ಎಳ್ಕೊಳ್ತಿದೆ, ಜ್ವರ ಯಾವಾಗಿನಿಂದ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ತಾವು ಮಕ್ಕಳ ಡಾಕ್ಟರ್ ಆಗಿದ್ದವರು ಅಂತ ಹೇಳಿ ಕೈಚಾಚಿದರು. ಎಲೆನಾ ಹಿಂಜರಿದು ಹಿಂಜರಿದು ಕೊಟ್ಟಳು. ಅಕ್ಕ ಕುತ್ತಿಗೆ ಮುಟ್ಟಿದರು, ಕಿವಿಯ ಹಿಂದೆ ಮೆಲ್ಲಗೆ ಒತ್ತಿ ನೋಡಿದರು. "ಕಿವಿಯಲ್ಲಿ ಸೋಂಕಾದ ಹಾಗಿದೆ. ಇವತ್ತೇ ನಿಮ್ಮ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು, ನಾಳೆ ಅನ್ನಬೇಡ" ಅಂದರು. ಮಗು ಅವರ ಹೆಗಲ ಮೇಲೇ ನಿದ್ದೆಹೋಯಿತು. ಎಲೆನಾ ಮುಖ ಮುಚ್ಚಿಕೊಂಡು ಅತ್ತಳು. "ನಮ್ಮನ್ನ ಇಲ್ಲಿಂದ ಎಬ್ಬಿಸ್ತೀರಾ?" ಅಂತ ಕೇಳಿದಳು. ಅಕ್ಕ ಮಗುವಿನ ಬೆನ್ನು ಸವರುತ್ತಾ ಕೂತಿದ್ದರು.

ಅವರನ್ನು ಹೋಟೆಲಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಫ್ಲ್ಯಾಟಿಗೇ ಕರೆದುಕೊಂಡು ಬಂದೆ. ನನ್ನ ಗಂಡ ಒಂದು ಪ್ರಶ್ನೆಯನ್ನೂ ಕೇಳದೆ ನಮ್ಮ ರೂಮಿನ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದರು.

ಮರುದಿನದಿಂದ ಕೌನ್ಸಿಲ್ ಆಫೀಸು, ಪುಕ್ಕಟೆ ಸಲಹೆ ಕೊಡುವ ವಕೀಲರು ಅಂತ ಓಡಾಡಿದೆವು. ಇಲ್ಲಿ ಮನೆ ಕಂದಾಯಕ್ಕೆ ಕೌನ್ಸಿಲ್ ಟ್ಯಾಕ್ಸ್ ಅನ್ನುತ್ತಾರೆ. ಅದು ಯಾವಾಗಲೂ ಅಕ್ಕನ ಗಂಡನ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಟ್ಟಿಹೋಗುತ್ತಿತ್ತು. ಅವರು ಸತ್ತ ಮೇಲೆ ಖಾತೆ ಮುಚ್ಚಿತು, ಕಂದಾಯವೂ ನಿಂತಿತು. ಖಾಲಿ ಮನೆ ಅಂತ ಕಂದಾಯ ಇನ್ನೂ ಜಾಸ್ತಿಯಾಯಿತು. ನೋಟಿಸುಗಳೆಲ್ಲ ಆ ಖಾಲಿ ಮನೆಗೇ ಬಂದು ಬಿದ್ದವು. ಬಾಕಿಗಾಗಿ ಕೌನ್ಸಿಲ್‌ನವರು ಕೋರ್ಟಿಗೆ ಹೋಗಿ ಮನೆಯನ್ನೇ ಮಾರಿಸಿದ್ದರು.

ವಕೀಲೆ ಒಳ್ಳೆಯ ಹೆಂಗಸು, ನಿಧಾನವಾಗಿ ಬಿಡಿಸಿ ಹೇಳಿದಳು. ಹರಾಜು ಕೂಗುವ ತನಕ ಯಾವತ್ತು ಬಾಕಿ ಮತ್ತು ಖರ್ಚು ಕಟ್ಟಿದ್ದರೂ ಮನೆ ಉಳಿಯುತ್ತಿತ್ತಂತೆ. ಈಗ ಬಾಕಿ ಕಳೆದು ಮಿಕ್ಕ ಹಣ ಎತ್ತಿಟ್ಟಿದ್ದಾರೆ, ಅದು ಪೂರ್ತಿ ನಿಮ್ಮದೇ ಅಂದಳು.

ಅಕ್ಕ ನನ್ನ ಕೈ ಹಿಡಿದುಕೊಂಡರು. "ನನ್ನ ಪೆನ್ಶನ್ ಬ್ಯಾಂಕಿನ್ಯಾಗ ಸುಮ್ನ ಕುಂತಿತ್ತಲ್ಲ ತಂಗಿ. ಯಾರರ ಒಂದ ಮಾತ ಹೇಳಿದ್ರ ಕಟ್ಟತಿದ್ನಲ್ಲ" ಅಂದರು. ಮನೆ ಹೋಯಿತು ಅಂತ ಗೊತ್ತಾದಾಗಲೂ ಅಳದವರು ಅವತ್ತು ಅತ್ತರು.

ನೋಟಿಸು ಕೈಗೆ ಮುಟ್ಟಲೇ ಇಲ್ಲ ಅಂತ ಕೋರ್ಟಿಗೆ ಹೋಗಬಹುದು, ಆದರೆ ಕೊಂಡವರನ್ನೂ ಎಳೆಯಬೇಕಾಗುತ್ತದೆ, ಗೆಲ್ಲುವ ಖಾತ್ರಿಯಿಲ್ಲ ಅಂದಳು ವಕೀಲೆ. ಅಕ್ಕ ಒಂದು ವಾರ ಯೋಚಿಸಿದರು. ಒಂದು ದಿನ ಕೇಸ್ ಹಾಕೇ ಹಾಕುತ್ತೇನೆ ಅನ್ನುವರು, ಮಾರನೆಯ ದಿನ ಬೇಡ ಅನ್ನುವರು. ಕೊನೆಗೆ, "ಗೆದ್ದರೂ ಆ ಹಾರ್ಮೋನಿಯಂ ಬರೂದಿಲ್ಲ. ಆ ಹುಡುಗೀನ ಕೂಸಿನ ಸಮೇತ ಬೀದಿಗೆ ಹಾಕಿ ನಾ ಅಲ್ಲಿ ಹೆಂಗ ಮಲಗ್ಲಿ?" ಅಂದರು. ಮಿಕ್ಕ ಹಣಕ್ಕೆ ಸಹಿ ಹಾಕಿದರು. ಅದೇನು ಸಣ್ಣ ಮೊತ್ತವಲ್ಲ. ಆದರೆ ಅದು ಖಾತೆಗೆ ಬಂದ ದಿನ ಅವರು ಊಟ ಮಾಡಲಿಲ್ಲ.

ಇಲ್ಲೇ ಹತ್ತಿರದಲ್ಲಿ ಒಂದು ಫ್ಲ್ಯಾಟ್ ತಗೊಳ್ಳಿ, ನಾವಿದ್ದೇವೆ ಅಂತ ಎಷ್ಟೋ ಹೇಳಿದೆ. ಅವರಿಗೆ ಬೇಕೆನಿಸಲಿಲ್ಲ. ಧಾರವಾಡಕ್ಕೆ ಟಿಕೆಟ್ ಮಾಡಿಸಿದರು. ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಒಳಗೆ ಹೋಗುವ ಮುಂಚೆ ನನ್ನ ಕೆನ್ನೆ ಸವರಿ, "ಹೋಗ್ತೀನಿ ತಂಗಿ" ಅಂದರು.

"ಹಾಗೆಲ್ಲ ಅನ್ನಬಾರದು ಅಕ್ಕಾ, ಹೋಗಿ ಬರ್ತೀನಿ ಅನ್ನಿ" ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಎಲ್ಲಿಗೆ ಬರ್ಲವಾ?" ಅಂದರು.

ನಮ್ಮ ಮನೆಗೆ ಬನ್ನಿ ಅನ್ನಬೇಕಿತ್ತು. ಅದರ ಬದಲು ಅವರ ಸೂಟ್‌ಕೇಸುಗಳನ್ನು ಟ್ರಾಲಿಯ ಮೇಲೆ ಸರಿಮಾಡಿ ಇಟ್ಟೆ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ಆತವಾ, ನೋಡೋಣಂತ" ಅನ್ನುತ್ತಾರೆ. ಇವತ್ತಿಗೂ ಟರ್ಮಿನಲ್ ಮುಂದೆ ಯಾರನ್ನಾದರೂ ಇಳಿಸುವಾಗ ಅವರ ಆ ದನಿ ಕೇಳಿದ ಹಾಗಾಗಿ, ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಹಾಗೇ ಕೂತುಬಿಡುತ್ತೇನೆ.