ಬುಟ್ಟಿಗೊಂದು ಕೈ

ಮೊನ್ನೆ ಕುಂದಾಪುರದಲ್ಲಿ ಬ್ರಹ್ಮಾವರದ ಬಸ್ಸು ಹತ್ತಿ ಕೂತಿದ್ದೆ. ಹಿಂದಿನ ಬಾಗಿಲಿನಿಂದ ಬಂಗುಡೆ ಮೀನಿನ ವಾಸನೆ ಬಂತು. ಮೂಗು ಮುಚ್ಚಿಕೊಳ್ಳಬೇಡಿ ಮಾರಾಯ್ರೆ, ನನ್ನ ಕತೆ ಆ ವಾಸನೆಯಿಂದಲೇ ಶುರು. ತಿರುಗಿ ನೋಡಿದರೆ ನಾಲ್ಕೈದು ಮೀನು ಮಾರುವ ಹೆಂಗಸರು. ಮುಂದಿದ್ದವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದಳು.

"ಹ್ವಾಯ್, ಹತ್ತಿ ಬೇಗ, ಟೈಮ್ ಆಯ್ತ್," ಅಂದ ಕಂಡಕ್ಟರ್.

"ಒಬ್ಳ್ ಬಾಕಿ ಇದ್ಲ್, ನಿಲ್ಸಿ," ಅಂದಳು ಅವಳು.

ಆ ಒಬ್ಬಳು ಓಡೋಡಿ ಬಂದ ಮೇಲೆಯೇ ಉಳಿದವರೆಲ್ಲ ಹತ್ತಿದರು. ನನ್ನ ಪಕ್ಕ ಕೂತಿದ್ದ ಇಸ್ತ್ರಿ ಅಂಗಿಯವರು ಮುಖ ಕಿವುಚಿ, ಇವರನ್ನೆಲ್ಲ ಯಾಕೆ ಹತ್ತಿಸುತ್ತೀರಿ ಎಂದು ಕೇಳಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಇಲ್ಲಿ ಮೊದ್ಲಿಂದ್ಲೂ ಹೀಂಗೇ," ಅಂದುಬಿಟ್ಟ.

ಮೊದಲಿಂದಲೂ! ಮೊದಲಿಂದಲೂ ಹೀಗಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಬಾಯಿ ಬಿಡದ ಸಾಕ್ಷಿ.

ಉಡುಪಿ ಬೇರೆ ಜಿಲ್ಲೆಯಾದ ಹೊಸತು. ನಾನು ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಗಂಗೊಳ್ಳಿಯಿಂದ ದೋಣಿ ದಾಟಿ ಬರುತ್ತಿದ್ದ ಮುಕಾಂಬು ಕುಂದಾಪುರದ ನಮ್ಮ ಮನೆಗೆ ದಿನಾ ಮೀನು ತರುವ ವರ್ತನೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ಅವಳನ್ನು ಅಕ್ಕ ಅಂದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅಮ್ಮನ ಕೈಗುಣ ಒಳ್ಳೆಯದು ಎಂದು ದಿನದ ಬೋಣಿ ನಮ್ಮಲ್ಲೇ ಆಗಬೇಕು ಅವಳಿಗೆ. ಆಮೇಲೆ ಬಸ್ಸು ಹಿಡಿದು ತೆಕ್ಕಟ್ಟೆಯ ಮನೆಗಳಿಗೆ.

ಮೀನಿನ ಬುಟ್ಟಿಯ ವಿಷಯ ಒಂದಿದೆ. ತುಂಬಿದ ಬುಟ್ಟಿಯನ್ನು ಇಳಿಸುವುದು ಒಬ್ಬರಿಂದಾದೀತು, ತಲೆಗೆ ಏರಿಸುವುದು ಒಬ್ಬರಿಂದಾಗದು. ಮೀನು ಕೊಂಡ ಮನೆಯವರೇ ಒಂದು ಬದಿ ಹಿಡಿದು ಎತ್ತಿಕೊಡಬೇಕು. ಅವಳು ತಲೆಯ ಮೇಲಿನ ಬಟ್ಟೆಯ ಸಿಂಬಿ ಸರಿ ಮಾಡಿಕೊಂಡು, "ಅಯ್ಯಾ, ಬುಟ್ಟಿಗೊಂದ್ ಕೈ ಕೊಡಿ," ಅನ್ನುತ್ತಿದ್ದಳು. ಅಂಗಿಗೆ ಮೀನಿನ ನೀರು ಸಿಡಿಯುತ್ತದೆಂದು ನಾನು ದೂರದಿಂದಲೇ, ತುದಿಬೆರಳಲ್ಲಿ ಎತ್ತುತ್ತಿದ್ದೆ. ಅಮ್ಮ ನಗುತ್ತಿದ್ದರು.

ಆಗ ಬಸ್ಸಿನವರು ಐದು ಜನ ಮೀನಿನವರಿದ್ದರೆ ಇಬ್ಬರನ್ನು ಹತ್ತಿಸಿ ಮೂವರನ್ನು ಬಿಟ್ಟು ಹೋಗುವರು. ಆ ಎರಡು ಜಾಗಕ್ಕೆ ಇವರೊಳಗೇ ಜುಟ್ಟು ಹಿಡಿಯುವ ಜಗಳ. ಉಳಿದವರು ಬಿಸಿಲಲ್ಲಿ ತೆಕ್ಕಟ್ಟೆ ತನಕ ನಡೆಯಬೇಕು, ಮುಟ್ಟುವಷ್ಟರಲ್ಲಿ ಮೀನು ಮೆತ್ತಗಾಗಿರುತ್ತಿತ್ತು. ಮುಕಾಂಬು ದಿನಾ ಬೆಳಿಗ್ಗೆ ದೋಣಿಯಲ್ಲಿ ಒಬ್ಬೊಬ್ಬಳ ಪಕ್ಕ ಕೂತು ಒಂದೇ ಮಾತು ಹೇಳಿದಳಂತೆ: "ಒಬ್ಳನ್ ಬಿಟ್ರೆ ಯಾರೂ ಹತ್ತುಕಿಲ್ಲ." ಅಷ್ಟೇ. ಬಾವುಟ ಇಲ್ಲ, ರಸೀದಿ ಪುಸ್ತಕ ಇಲ್ಲ. ಬಸ್ಸಿನವರು ಇಬ್ಬರನ್ನು ಕರೆದರೆ ಆ ಇಬ್ಬರೂ ಹತ್ತದೆ ಎಲ್ಲರ ಜೊತೆ ನಡೆದರು. ಹನ್ನೊಂದು ದಿನ ನಡೆದರು. ಹನ್ನೆರಡನೆಯ ದಿನ ಬುಟ್ಟಿಗಳನ್ನು ಬಸ್ಸಿನ ಮುಂದೆ ಸಾಲಾಗಿ ಇಟ್ಟು ರಸ್ತೆಯಲ್ಲೇ ಕೂತರು.

ಆ ಬಸ್ಸಿನ ಕಿಟಕಿಯ ಸೀಟಿನಲ್ಲಿ ಯಾರಿದ್ದರು ಎಂದು ಕೇಳುತ್ತೀರಾ? ನಾನೇ! 'ಸಂಘಟನೆಯಲ್ಲಿ ಶಕ್ತಿಯಿದೆ' ಎಂದು ಭಾಷಣ ಮಾಡಿ ಕಾಲೇಜಿನಲ್ಲಿ ಸ್ಟೀಲ್ ತಟ್ಟೆ ಗೆದ್ದವನು. ಅಂದು ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ತಲೆ ಹೊರಗೆ ಹಾಕಿ, "ನಿಮ್ಗೆ ಮರ್ಯಾದೆ ಇಲ್ಯಾ? ಬೇರೆ ಕೆಲ್ಸ ಇಲ್ಯಾ?" ಎಂದು ಕೂಗಿದೆ. ಮುಕಾಂಬು ತಲೆಯೆತ್ತಿ ನೋಡಿದಳು. ಗುರುತು ಸಿಕ್ಕಿತು.

ಪೊಲೀಸರು ಬಂದರು, ಬಸ್ಸಿನ ಧಣಿ ಬಂದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸಾಲು ಮೀನಿನವರಿಗೆ ಎಂದು ತೀರ್ಮಾನವಾಯಿತು. ಗೆದ್ದಳು. ಆದರೆ ಊರು ಅವಳನ್ನು ಅಲ್ಲಿಂದಾಚೆ ಮೊದಲಿನ ಹಾಗೆ ನೋಡಲಿಲ್ಲ. "ಲೀಡ್ರ್ ಬಂದ್ಲ್ ಕಾಣಿ," ಎಂದು ಅಂಗಡಿ ಜಗಲಿಯಲ್ಲಿ ನಗೆ. ರಸ್ತೆಯಲ್ಲಿ ಕೂತವಳು ನಾಳೆ ನಮ್ಮ ಬಾಗಿಲಲ್ಲೂ ಕೂರುತ್ತಾಳೆ ಎಂದು ಮನೆಗಳು ಒಂದೊಂದಾಗಿ ಅವಳ ಮೀನು ಬಿಟ್ಟವು. ಅವಳ ಜೊತೆ ರಸ್ತೆಯಲ್ಲಿ ಕೂತಿದ್ದ ಉಳಿದವರ ಮೀನನ್ನು ಮಾತ್ರ ಎಂದಿನಂತೆ ಕೊಂಡವು. ಯಾರೂ ಎದುರಿಗೆ ಬೇಡ ಅನ್ನುವುದಿಲ್ಲ ನೋಡಿ, ನಮ್ಮ ಕಡೆಯ ಸಭ್ಯತೆ! ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಏಕಾದಶಿ.

ಕೊನೆಗೆ ಉಳಿದದ್ದು ನಮ್ಮ ಮನೆ. ಒಂದು ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದರು. ಅವಳು ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಕಿಟಕಿಯಿಂದ ನಾನು ಕೂಗಿದ ಮಾತು ನಮ್ಮಿಬ್ಬರ ನಡುವೆ ನಿಂತಿತ್ತು, ನನಗೆ ಅವಳ ಮುಖ ನೋಡಲಾಗಲಿಲ್ಲ. "ಇವತ್ತು ಸಂಕಷ್ಟಿ, ಮೀನು ಬೇಡ," ಅಂದೆ.

ಮೀನು ಮಾರುವವಳಿಗೆ ಸಂಕಷ್ಟಿಯ ಸುಳ್ಳು! ಯಾವ ದಿನ ಯಾವ ಮನೆಯಲ್ಲಿ ಮೀನಿಲ್ಲ ಎಂಬುದು ಪುರೋಹಿತರಿಗಿಂತ ಚೆನ್ನಾಗಿ ಅವರಿಗೆ ಗೊತ್ತು.

"ಸಂಕಷ್ಟಿ ಮೊನ್ನೆಯೇ ಕಳೀತಲ್ದಾ ಅಯ್ಯಾ," ಅಂದಳು ಮೆಲ್ಲಗೆ. ಸಿಂಬಿ ಸರಿ ಮಾಡಿಕೊಂಡು, "ಅಡ್ಡಿಲ್ಲ. ಬುಟ್ಟಿಗೊಂದ್ ಕೈ ಕೊಡಿ," ಅಂದಳು.

ನಾನು ಒಳಗೆ ಹೋದೆ. ಕೇಳಿಸದವನಂತೆ ಹೋದೆ.

ಒಳಗಿನಿಂದ ನೋಡುತ್ತಿದ್ದೆ. ಅವಳು ಅರ್ಧ ಮೀನು ತೆಗೆದು ಬಾಳೆಲೆಯ ಮೇಲಿಟ್ಟಳು. ಹಗುರಾದ ಬುಟ್ಟಿಯನ್ನು ಅಂಗಳದ ಪಾಗಾರದ ಗೋಡೆಯ ಮೇಲೇರಿಸಿದಳು. ಮೀನನ್ನೆಲ್ಲ ಮತ್ತೆ ಅದಕ್ಕೆ ತುಂಬಿ, ಮೊಣಕಾಲು ಬಗ್ಗಿಸಿ, ತಲೆಯನ್ನು ಅದರಡಿಗೆ ಕೊಟ್ಟು ಎದ್ದಳು. ಬಾಳೆಲೆಯನ್ನು ಕಾಲಿನಿಂದಲೇ ತೆಂಗಿನ ಬುಡಕ್ಕೆ ತಳ್ಳಿ, ಚೆಲ್ಲಿದ ನೀರಿನ ಮೇಲೆ ಮಣ್ಣು ಎಳೆದು ಹೋದಳು. ಮತ್ತೆ ಬರಲಿಲ್ಲ.

ಗಂಗೊಳ್ಳಿಯಲ್ಲಿ ಮಂಜುಗಡ್ಡೆ ಒಡೆಯುವ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಕೆಮ್ಮು ಹಿಡಿಯಿತೆಂದೂ ಕೇಳಿದೆ. ನಾಲ್ಕನೆಯ ವರ್ಷ ಒಂದು ದಿನ ನಮ್ಮ ಬೀದಿಗೆ ಒಬ್ಬ ಮೀನಿನವಳೂ ಬರಲಿಲ್ಲ. "ಇವತ್ ಎಂತಾಯ್ತ್ ಇವ್ಕೆಲ್ಲ?" ಎಂದು ಅಮ್ಮನ ಹತ್ತಿರ ರೇಗಾಡಿ, ಉಪ್ಪಿನಕಾಯಿಯಲ್ಲಿ ಉಂಡು ಶಾಲೆಗೆ ಹೋದೆ. ಬಸ್ಸಿನ ಹಿಂದಿನ ಸಾಲು ಖಾಲಿಯಿತ್ತು. ನಾನು ಹೋಗಿ ಅಲ್ಲೇ ಕೂತೆ, ಗಾಳಿ ಚೆನ್ನಾಗಿದೆ ಎಂದು. ಅಂದು ಅವರೆಲ್ಲ ಮುಕಾಂಬುವಿನ ಮಣ್ಣಿಗೆ ಹೋಗಿದ್ದರೆಂದು ಮರುದಿನ ತಿಳಿಯಿತು.

ಮೊನ್ನೆಯ ಬಸ್ಸಿಗೆ ತೆಕ್ಕಟ್ಟೆ ಬಂತು. ಹೆಂಗಸರು ಇಳಿದರು. ನನ್ನ ಟಿಕೆಟ್ ಬ್ರಹ್ಮಾವರಕ್ಕೆ, ಆದರೂ ಇಳಿದೆ. ಒಬ್ಬರಿಗೊಬ್ಬರು ಎತ್ತಿಕೊಟ್ಟು ಹೋದ ಮೇಲೆ ಕೊನೆಗೆ ಉಳಿದವಳು ಮೆಟ್ಟಿಲಲ್ಲಿ ಕಾಲಿಟ್ಟು ನಿಂತಿದ್ದಳಲ್ಲ, ಅವಳೇ. ನಾನು ಬಗ್ಗಿ ಎರಡೂ ಕೈಯಲ್ಲಿ ಬುಟ್ಟಿ ಹಿಡಿದೆ. ಮೀನಿನ ನೀರು ತೋಳಿನುದ್ದಕ್ಕೂ ಇಳಿಯಿತು.

"ಮುಕಾಂಬಕ್ಕ ಗೊತ್ತಿತ್ತಾ ನಿಮ್ಗೆ? ಗಂಗೊಳ್ಳಿಯವ್ರ್."

"ಯಾರದ್? ಇಲ್ಲಪ್ಪ." ಸಿಂಬಿ ಸರಿ ಮಾಡಿಕೊಂಡಳು.

"ಮತ್ತೆ ಒಬ್ಳ್ ಬಾಕಿ ಇದ್ರೆ ಹತ್ತುಕಿಲ್ಲ ಅಂತ ನಿಮ್ಗೆ ಹೇಳಿದ್ದ್ ಯಾರ್?"

"ಅದ್ಕೆ ಯಾರ್ ಹೇಳ್ಕ್ ಅಯ್ಯಾ?" ಎಂದು ನಕ್ಕಳು. "ಹೋಯ್, ನಿಮ್ ಬಸ್ ಹೋಯ್ತಲೆ!"

ಬಸ್ಸು ಹೋಗಿತ್ತು. ಬುಟ್ಟಿ ತಲೆಗೇರಿಸಿಕೊಂಡು ಅವಳೂ ಹೋದಳು. ನಾನು ಒದ್ದೆ ತೋಳಿನಲ್ಲಿ ರಸ್ತೆಬದಿಯಲ್ಲಿ ನಿಂತಿದ್ದೆ. ಆ ಹೆಸರನ್ನು ಹೇಳಬೇಕಾಗಿದ್ದವನು ನಾನು, ಇಷ್ಟು ವರ್ಷ ಹೇಳಿರಲಿಲ್ಲ.