ಅತ್ತೆಯೂ ನಾನೂ ಕಟ್ಟಿದ ಗೋಡೆ

ನಮ್ಮ ಮನೆ ಬೆಟಗೇರಿಯ ಒಂದು ಇಳಿಜಾರು ಓಣಿಯಲ್ಲಿದೆ. ಹಿತ್ತಲು ಎರಡು ಮಟ್ಟದ್ದು. ಮೇಲೆ ಸೀತಾಫಲದ ಗಿಡ, ಕೆಳಗೆ ಬಟ್ಟೆ ಒಗೆಯುವ ಕಲ್ಲು, ನಡುವೆ ಮೊಣಕಾಲಿಗಿಂತ ತುಸು ಎತ್ತರದ ಮಣ್ಣಿನ ಏರು. ಪ್ರತಿ ಮಳೆಗೂ ಆ ಏರು ಒಂದಿಷ್ಟು ಕರಗಿ ಒಗೆಯುವ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಮಳೆ ನಿಂತ ಮೇಲೆ ನಾನು ಸಲಿಕೆ ಹಿಡಿದು ಕಲ್ಲನ್ನು ಹುಡುಕಬೇಕಿತ್ತು. ಗೌಂಡಿಯನ್ನು ಕರೆಸಿ ಗೋಡೆ ಕಟ್ಟಿಸುತ್ತೇನೆ ಎಂದು ಯಜಮಾನರು ಮೂರು ವರ್ಷದಿಂದ ಹೇಳುತ್ತಲೇ ಇದ್ದರು. ಅವರ ಕೆಲಸ ಮುಂಡರಗಿಯಲ್ಲಿ. ಸೋಮವಾರ ಹೋದರೆ ಶನಿವಾರ ಸಂಜೆ ಬರುವುದು. ಅವರಿಗೆ ಬಿಡುವಿದ್ದ ದಿನ ಗೌಂಡಿಗೂ ಬಿಡುವು.

ನಾನು ಶಾಲಾ ಶಿಕ್ಷಕಿ. ಕಳೆದ ಬೇಸಿಗೆ ರಜೆಯಲ್ಲಿ ಗೆಳತಿಯ ಮನೆಯ ಗೃಹಪ್ರವೇಶಕ್ಕೆ ನಾಗಾವಿಯ ಕಡೆ ಹೋದಾಗ, ರಸ್ತೆಯ ಪಕ್ಕ ಸಿಮೆಂಟ್ ಇಟ್ಟಿಗೆ ಮಾಡುವವರ ಅಂಗಳದಲ್ಲಿ ವಿಚಿತ್ರವಾದ ಬ್ಲಾಕುಗಳನ್ನು ಕಂಡೆ. ಒಳಗೆ ಪೊಳ್ಳು, ಮುಂದೆ ತೊಟ್ಟಿಲಿನಂತೆ ಚಾಚಿದ ಬಾಯಿ. ಸಿಮೆಂಟ್ ಕಲಸುವುದು ಬೇಡ, ಒಂದರ ಮೇಲೊಂದು ಇಡುತ್ತ ಮಣ್ಣು ತುಂಬಿದರೆ ಗೋಡೆಯೂ ಆಯಿತು, ಬಾಯಲ್ಲಿ ಸಸಿ ನೆಟ್ಟರೆ ತೋಟವೂ ಆಯಿತು ಎಂದು ಮಾಲೀಕರು ವಿವರಿಸಿದರು. ನಾನು ಅಲ್ಲೇ ಮನಸೋತು ಮುಂಗಡ ಕೊಟ್ಟೆ. ಮುಂದಿನ ಸೋಮವಾರ ಯಜಮಾನರ ಬಸ್ಸು ಅತ್ತ ಹೋಗುತ್ತಲೂ ಬ್ಲಾಕುಗಳ ಟೆಂಪೊ ಇತ್ತ ಬಂತು.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಅವರು ಬಾಳೆಹೊಸೂರ ಕಡೆಯ ಒಕ್ಕಲುತನದ ಮನೆಯ ಮಗಳು, ವಯಸ್ಸು ಅರವತ್ತೇಳು. ನಾನು ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾದರೂ ನಮ್ಮಿಬ್ಬರ ಮಾತು ಹಾಲು, ಉಪ್ಪು, ಬಂದವರು ಹೋದವರು ಇಷ್ಟರಲ್ಲೇ ಮುಗಿಯುತ್ತಿತ್ತು. ಜಗಳವೂ ಇರಲಿಲ್ಲ, ನಗುವೂ ಇರಲಿಲ್ಲ. ಬ್ಲಾಕುಗಳನ್ನು ನೋಡಿ ಬೈಯುತ್ತಾರೆಂದು ಅಂಜಿಕೊಂಡೇ ಎಲ್ಲ ವಿವರಿಸಿದೆ. ಅವರು ಒಂದು ಬ್ಲಾಕನ್ನು ಹೊರಳಿಸಿ ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ನಮ್ಮಪ್ಪನ ಹೊಲದಾಗ ಒಡ್ಡು ಹಾಕಿದ ಕೈ ಇವು," ಅಂದರು. "ಗೌಂಡಿ ಯಾಕ ಬೇಕು? ಗುದ್ದಲಿ ತಗೊಂಡ್ ಬಾ."

ಆ ದಿನವೇ ಏರಿನ ಬುಡದಲ್ಲಿ ಉದ್ದಕ್ಕೆ ಕಾಲುವೆ ತೋಡಿದೆವು. ಮರುದಿನ ಅದರಲ್ಲಿ ಗರಸು ಮಣ್ಣು ಸುರಿದು ಕುಟ್ಟಿ ಗಟ್ಟಿ ಮಾಡಿದೆವು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ತಂದಿದ್ದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ನೀರು ಎಲ್ಲಿಗೆ ನಿಂತಿದೆ ಎಂದು ಕೇಳಿದೆ. ಕಾಣಿಸುತ್ತಿಲ್ಲವೆಂದು ಅವರು ತಮ್ಮ ತುದಿಯನ್ನು ಕಣ್ಣಿನ ಹತ್ತಿರ ತಂದು ಬಗ್ಗಿಸಿದರು. ನೀರೆಲ್ಲ ಅವರ ಕುಪ್ಪಸದ ತೋಳಿನೊಳಗೆ ಇಳಿಯಿತು. ಈಗ ಬೈಗುಳ ಬಂತು ಎಂದುಕೊಂಡೆ. ಅವರ ಬಾಯಿಂದ ಬಿಕ್ಕಳಿಕೆಯಂಥ ಒಂದು ಸದ್ದು ಬಂತು, ಮತ್ತೊಂದು ಬಂತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಪೈಪಿಗೆ ಮತ್ತೆ ನೀರು ತುಂಬಿದೆವು. ಈ ಸಲ ನಗುತ್ತ ನಾನೇ ಪೈಪು ಬಗ್ಗಿಸಿ ನೀರು ಚೆಲ್ಲಿದೆ. ಮೂರನೇ ಸಲಕ್ಕೆ ಮಟ್ಟ ಸಿಕ್ಕಿತು.

ಬುಧವಾರ ಮೊದಲ ಸಾಲು ಇಟ್ಟೆವು. ಮಣ್ಣು ತುಂಬಿ, ದೂರ ನಿಂತು ನೋಡಿದರೆ ಎರಡು ಬ್ಲಾಕುಗಳ ಬಾಯಿ ಏರಿನ ಕಡೆಗೆ ತಿರುಗಿತ್ತು. ಅವು ಮುನಿಸಿಕೊಂಡ ಬೀಗರಂತೆ ಕೂತಿವೆ ಎಂದು ಅತ್ತೆ ಹೇಳಿದ್ದೇ ತಡ, ಅವನ್ನು ಕಿತ್ತು ತಿರುಗಿಸುವಷ್ಟರಲ್ಲಿ ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂತು. ಎರಡನೇ ಸಾಲನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ ಇಡಬೇಕಿತ್ತು. ಹಾಗೆ ಮಾಡಿದರೆ ಗೋಡೆ ಮಣ್ಣಿನ ಮೇಲೆ ವಾಲಿ ಅದನ್ನು ತಡೆಯುತ್ತದೆ. ಇದು ಅತ್ತೆಗೆ ಯಾರೂ ಹೇಳದೆಯೇ ಗೊತ್ತಿತ್ತು. ನಾನು ಮಾತ್ರ ಅವಸರದಿಂದ, ಮಣ್ಣು ತುಂಬದೆಯೇ ಸಾಲು ಪೂರ್ತಿ ಇಟ್ಟು, ಗಟ್ಟಿ ಇದೆಯೋ ಎಂದು ಒರಗಿ ನೋಡಿದೆ. ಮೂರು ಬ್ಲಾಕು ಹಿಂದಕ್ಕೆ ಜಾರಿದವು, ನಾನೂ ಅವುಗಳ ಹಿಂದೆಯೇ ಹೋಗಿ, ಮಣ್ಣು ಕೂರಲೆಂದು ನೀರು ಹೊಡೆದಿದ್ದ ಕೆಸರಿನಲ್ಲಿ ಕೂತೆ.

"ಪೆಟ್ಟಾತೇನ್ ಯವ್ವಾ?" ಅತ್ತೆ ಓಡಿಬಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಎಬ್ಬಿಸಲೆಂದು ಕೈ ಕೊಟ್ಟವರು ನಗುವಿನ ಭಾರಕ್ಕೆ ತಾವೂ ನನ್ನ ಪಕ್ಕ ಕುಸಿದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ಏನಾಯಿತೆಂದು ಕೇಳಿದಾಗ ಅತ್ತೆ ನಗುತ್ತಲೇ ಕೆಸರಿನ ಕೈಯಿಂದ ಜಾರಿದ ಬ್ಲಾಕುಗಳನ್ನು ತೋರಿಸಿದರು.

ಅಂದಿನಿಂದ ಪ್ರತಿ ಸಾಲಿಗೂ ಮಣ್ಣು ತುಂಬಿ, ಹಿಂದೆ ನೀರು ಬಸಿಯಲು ಖಡಿಕಲ್ಲು ಸುರಿದು, ಕುಟ್ಟಿಯೇ ಮುಂದಿನ ಸಾಲಿಗೆ ಹೋದೆವು. ಶುಕ್ರವಾರ ಮಧ್ಯಾಹ್ನ ಮೂರನೇ ಸಾಲು ಮುಗಿಯಿತು. ಹೂವೋ ಪಲ್ಲೆಯೋ ಎಂದು ಒಂದು ತಾಸು ವಾದಿಸಿದೆವು. ಕೊನೆಗೆ ಮೇಲಿನ ಸಾಲಿಗೆ ನನ್ನ ಸೇವಂತಿಗೆ, ಕೆಳಗಿನ ಎರಡಕ್ಕೂ ಅವರ ಪುದೀನ, ಮೆಂತ್ಯೆ. ಆಮೇಲೆ ಅತ್ತೆ ಗೋಡೆಯ ಪರೀಕ್ಷೆಗೆಂದು ಅದರ ಮೇಲೆ ಕೂತರು. ಅದು ಅಲುಗಲಿಲ್ಲ. ನಾನೂ ಕೂತೆ. ಇಬ್ಬರೂ ಚಹಾ ಕುಡಿಯುತ್ತ ಹುಡುಗಿಯರಂತೆ ಕಾಲು ಆಡಿಸಿದೆವು. ಲಗ್ನದ ನಂತರ ರೊಟ್ಟಿ ಮಾಡು, ಹಪ್ಪಳ ಮಾಡು ಎಂದವರೇ ಎಲ್ಲ, ಒಂದು ಕಲ್ಲು ಇಡು ಬಾ ಎಂದು ಇಷ್ಟು ವರ್ಷ ಯಾರೂ ಕರೆದಿರಲಿಲ್ಲ ಎಂದು ಅವರು ಹೇಳಿದರು. ದೂರಿನ ದನಿಯಲ್ಲಲ್ಲ, ಈಗಷ್ಟೇ ಗಮನಕ್ಕೆ ಬಂದ ಸಂಗತಿಯಂತೆ. ನಾನು ಬಿಸ್ಕಿಟಿನ ಪೊಟ್ಟಣವನ್ನು ಅವರ ಕಡೆ ಸರಿಸಿದೆ.

ಶನಿವಾರ ಬಂದ ಯಜಮಾನರು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು. ಗೋಡೆಯನ್ನು ಕೈಯಿಂದ ಒತ್ತಿದರು, ಕಾಲಿನಿಂದ ಒದ್ದರು.

"ಛಲೋ ಕಟ್ಯಾನ. ಯಾವ ಗೌಂಡಿ ಬೇ ಯವ್ವಾ?"

ಹೊಂಬಳದಿಂದ ಇಬ್ಬರು ಬಂದಿದ್ದರೆಂದು ಅತ್ತೆ ಮುಖದಲ್ಲಿ ಗೆರೆಯೂ ಮೂಡದಂತೆ ಹೇಳಿದರು. ಆಫೀಸಿನ ಸ್ನೇಹಿತರೊಬ್ಬರಿಗೂ ಇಂಥದ್ದೇ ಬೇಕಿದೆ, ಆ ಗೌಂಡಿಗಳ ನಂಬರು ಕೊಡು ಎಂದು ಯಜಮಾನರು ಮೊಬೈಲು ತೆಗೆದರು. ಅತ್ತೆ ಒಂದೊಂದೇ ಅಂಕಿ ಹೇಳಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹತ್ತನೇ ಅಂಕಿ ಒತ್ತುತ್ತಲೇ ಪರದೆಯ ಮೇಲೆ "ಅವ್ವ" ಎಂದು ಬಂತು. ಅವರು ಪರದೆಯನ್ನು ನೋಡಿದರು, ತಾಯಿಯನ್ನು ನೋಡಿದರು, ಕೊನೆಗೆ ನನ್ನ ಮುರಿದ ಉಗುರುಗಳನ್ನು ನೋಡಿದರು. ಮೂರು ವರ್ಷ ಕೆಲಸ ಮುಂದೂಡಿದ್ದಕ್ಕೆ ನಾಚಿಕೆಯೋ ಏನೋ, ರಾತ್ರಿಯ ಪಾತ್ರೆಗಳನ್ನೆಲ್ಲ ಅವರೇ ತಿಕ್ಕಿದರು.

ಜೂನ್‌ನಲ್ಲಿ ಒಂದು ಶನಿವಾರ, ನಾನು ಶಾಲೆಯಿಂದ ಬಂದ ಮಧ್ಯಾಹ್ನ, ಜೋರು ಮಳೆ ಬಂತು. ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆವು. ಬ್ಲಾಕುಗಳ ಸಂದಿಯಿಂದ ತಿಳಿನೀರು ಇಳಿಯುತ್ತಿತ್ತು, ಮಣ್ಣು ಇದ್ದಲ್ಲೇ ಇತ್ತು. ಹತ್ತಿರದಿಂದ ನೋಡಬೇಕೆಂದು ಅತ್ತೆ ಗೋಣಿಚೀಲವನ್ನು ತಲೆಗೆ ಹಾಕಿಕೊಂಡು ಹೊರಟೇಬಿಟ್ಟರು. ಜಾರುತ್ತೀರಿ ಎನ್ನುತ್ತ ನಾನೂ ಹಿಂದೆ ಓಡಿದೆ. ಇಬ್ಬರೂ ಪೂರ್ತಿ ತೊಯ್ದೆವು. ಅವರು ಒಂದೊಂದೇ ಬ್ಲಾಕನ್ನು ತಟ್ಟುತ್ತ ತುದಿಯವರೆಗೆ ಹೋಗಿ, ಹಿತ್ತಲಿನ ಇನ್ನೊಂದು ಮೂಲೆಯತ್ತ ಬೆರಳು ಮಾಡಿದರು.

"ಅಲ್ಲೊಂದು ಗ್ವಾಡಿ ಬೇಕಲ್ಲ?"

ಅಲ್ಲಿ ಏರೂ ಇರಲಿಲ್ಲ, ಇಳಿಜಾರೂ ಇರಲಿಲ್ಲ; ಅಂಗೈಯಂತೆ ಸಪಾಟಾದ ನೆಲ. "ಬೇಕ್ರೀ ಅತ್ತಿ, ಖರೆ, ಬೇಕ ಬೇಕು," ಎಂದೆ.